ದವಾಖಾನೆಯಿಂದ ಕಂಪ್ಯೂಟರ್‌ಗೆ: ರಿಜಿಸ್ಟರ್ ಹಿಡಿದು ಬಂದ ದಾರಿ

ಸಾಲ ಮಾಡಿ ನರ್ಸಿಂಗ್ ಓದಿಸಿದ ಮಗಳು, ಆಸ್ಪತ್ರೆ ಕೆಲಸ ಬಿಟ್ಟು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೇನೆ ಅಂದರೆ ನಮ್ಮ ಕಡೆ ಮನೆಗಳಲ್ಲಿ ಮೊದಲು ಬರುವ ಮಾತು ಒಂದೇ: ಓದಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂಗಾಯ್ತಲ್ಲ. ಹೊಸಪೇಟೆ, ಕಂಪ್ಲಿ, ಸಂಡೂರು ಎಲ್ಲೇ ಹೋದರೂ ಈ ಮಾತು ಕೇಳುತ್ತಿದ್ದೇವೆ. ನರ್ಸಿಂಗ್ ಒಂದೇ ಅಲ್ಲ, ಬಿ.ಫಾರ್ಮಾ ಮಾಡಿದವರು, ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿದವರು, ಫಿಸಿಯೋಥೆರಪಿ ಓದಿದವರು, ಎಲ್ಲರಿಗೂ ಒಂದು ಕಣ್ಣು ಕಂಪ್ಯೂಟರ್ ಲೈನ್ ಮೇಲೆ ಇದೆ.

ಹೊಸದಾಗಿ ಹುಟ್ಟಿದ ಹುಚ್ಚು ಇದು ಎಂದು ಹಿರಿಯರು ಬೈಯುವುದುಂಟು. ಆದರೆ ಹಿಂದಕ್ಕೆ ಹೋಗಿ ನೋಡಿದರೆ ಈ ದಾರಿ ಹಳೆಯದು. ಕಂಪ್ಯೂಟರ್ ಎಂಬ ಯಂತ್ರವೇ ಒಂದು ರೀತಿಯಲ್ಲಿ ಆಸ್ಪತ್ರೆಯ ರಿಜಿಸ್ಟರಿನ ಮೊಮ್ಮಗ. ಆ ಕಥೆಯನ್ನು ನಮ್ಮ ಊರಿನ ಗೋಡೆಗಳಿಂದಲೇ ಶುರು ಮಾಡೋಣ.

ಗೋಡೆ ಮೇಲಿನ ತಾರೀಖು

ಅರವತ್ತು ದಾಟಿದವರನ್ನು ಕೇಳಿ, ಮಲೇರಿಯಾದವರು ಮನೆಮನೆಗೆ ಬರುತ್ತಿದ್ದದ್ದು ನೆನಪಿರುತ್ತದೆ. ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತದ್ದು 1953ರಲ್ಲಿ. ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದದ್ದೂ 1953ರಲ್ಲೇ. ಅದೇ ವರ್ಷ ಅಕ್ಟೋಬರ್ 1ಕ್ಕೆ ನಮ್ಮ ಬಳ್ಳಾರಿ ಸೀಮೆ ಮದ್ರಾಸಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿತು. ಸಂಡೂರಂತೂ 1949ರವರೆಗೆ ಸಂಸ್ಥಾನವಾಗಿದ್ದ ಊರು, ನಾಲ್ಕೇ ವರ್ಷದಲ್ಲಿ ಮೂರು ಸರ್ಕಾರ ಕಂಡಿತು. ಕಾಲುವೆ ನೀರು ಬಂದಲ್ಲಿ ಭತ್ತ ಬಂತು, ಕಬ್ಬು ಬಂತು, ಜೊತೆಗೆ ಸೊಳ್ಳೆಯೂ ಬಂತು.

1958ರಲ್ಲಿ ನಿಯಂತ್ರಣ ಅನ್ನುವ ಪದ ಹೋಗಿ ನಿರ್ಮೂಲನೆ ಅನ್ನುವ ಪದ ಬಂದಾಗ ಕೆಲಸದ ರೀತಿಯೇ ಬದಲಾಯಿತು. ಸುಮಾರು 10,000 ಜನಸಂಖ್ಯೆಗೆ ಒಬ್ಬ ಕಾರ್ಯಕರ್ತ. ಹದಿನೈದು ದಿನಕ್ಕೊಮ್ಮೆ ಪ್ರತಿ ಮನೆಗೂ ಅವನು ಹೋಗಬೇಕು. ಯಾರಿಗಾದರೂ ಜ್ವರ ಬಂದಿದೆಯಾ ಕೇಳಬೇಕು. ಬಂದಿದ್ದರೆ ಬೆರಳು ಚುಚ್ಚಿ ಗಾಜಿನ ಸ್ಲೈಡಿನ ಮೇಲೆ ರಕ್ತ ಸವರಿ, ಅದಕ್ಕೊಂದು ನಂಬರ್ ಹಾಕಿ, ಹೆಸರು, ವಯಸ್ಸು, ಊರು ಬರೆದುಕೊಂಡು, ಮಾತ್ರೆ ಕೊಟ್ಟು, ಕೊನೆಗೆ ಮನೆ ಗೋಡೆ ಮೇಲೆ ಬಂದ ತಾರೀಖು ಬರೆದು ಮುಂದಿನ ಮನೆಗೆ ನಡೆಯಬೇಕು. ಮೇಲಿನ ಇನ್‌ಸ್ಪೆಕ್ಟರ್ ಬಂದು ಆ ಗೋಡೆ ನೋಡಿದರೆ, ಇವನು ನಿಜವಾಗಿ ಬಂದಿದ್ದನೋ ಇಲ್ಲ ಮರದ ಕೆಳಗೆ ಕೂತು ತುಂಬಿಸಿದ್ದಾನೋ ಗೊತ್ತಾಗುತ್ತಿತ್ತು.

ಈ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಿ. ಒಂದು ಮನೆಗೆ ಒಂದು ನಂಬರ್. ಒಂದು ಸ್ಲೈಡಿಗೆ ಒಂದು ನಂಬರ್. ಸ್ಲೈಡ್ ಲ್ಯಾಬಿಗೆ ಹೋಗಿ ಫಲಿತಾಂಶ ವಾಪಸ್ ಬಂದಾಗ ಆ ನಂಬರಿನಿಂದಲೇ ರೋಗಿಯನ್ನು ಹುಡುಕುವುದು. ತಿಂಗಳ ಕೊನೆಗೆ ಸಾವಿರ ಜನಕ್ಕೆ ಎಷ್ಟು ಮಲೇರಿಯಾ ಎಂದು ಲೆಕ್ಕ ಕೂಡಿಸುವುದು. ಇವತ್ತು ಬೆಂಗಳೂರಿನ ಕಂಪನಿಗಳಲ್ಲಿ ಡೇಟಾ ಎಂಟ್ರಿ, ಡೇಟಾ ಬೇಸ್, ವೆರಿಫಿಕೇಷನ್, ರಿಪೋರ್ಟಿಂಗ್ ಅನ್ನುತ್ತಾರಲ್ಲ, ನಮ್ಮ ಮಲೇರಿಯಾದವನು ಅದನ್ನೆಲ್ಲ ಸೈಕಲ್ ಮೇಲೆ ಮಾಡುತ್ತಿದ್ದ. ಕಂಪ್ಯೂಟರ್ ಇರಲಿಲ್ಲ ಅಷ್ಟೇ.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಮಲೇರಿಯಾಕ್ಕೊಬ್ಬ, ಸಿಡುಬಿಗೊಬ್ಬ, ಕುಟುಂಬ ಯೋಜನೆಗೊಬ್ಬ ಎಂದು ಬೇರೆ ಬೇರೆ ಕಾರ್ಯಕರ್ತರು ಬೇಡ, ಎಲ್ಲ ಕೆಲಸವನ್ನೂ ಒಬ್ಬರೇ ಮಾಡಲಿ ಎಂದು ಹೇಳಿತು. ಕೆಲಸ ಒಟ್ಟಾಯಿತು, ರಿಜಿಸ್ಟರ್‌ಗಳು ಮಾತ್ರ ಒಟ್ಟಾಗಲಿಲ್ಲ. ಎಎನ್‌ಎಂ ಸಿಸ್ಟರ್ ಚೀಲದಲ್ಲಿ ಔಷಧಿಗಿಂತ ಪುಸ್ತಕದ ತೂಕ ಜಾಸ್ತಿಯಾಗತೊಡಗಿದ್ದು ಆ ಕಾಲದಿಂದ.

ಸತ್ತವರ ಲೆಕ್ಕದಿಂದ ಹುಟ್ಟಿದ ಯಂತ್ರ

ರಿಜಿಸ್ಟರ್ ಬರೆಯುವುದು ಒಂದು ಕಷ್ಟ, ಬರೆದದ್ದನ್ನು ಎಣಿಸುವುದು ಇನ್ನೊಂದು ಕಷ್ಟ. ಎಣಿಸುವ ಯಂತ್ರ ಬಂದದ್ದು ಈ ಎರಡನೆಯ ಕಷ್ಟದಿಂದ. ಆ ಕಥೆ ನಡೆದದ್ದು ದೂರದ ಇಂಗ್ಲೆಂಡ್, ಅಮೆರಿಕದಲ್ಲಿ. ಆದರೂ ನಮ್ಮ ಮಕ್ಕಳ ಇವತ್ತಿನ ಕೆಲಸಕ್ಕೆ ಅದು ನೇರ ಸಂಬಂಧಿಸಿದ್ದು, ಅದಕ್ಕೇ ಹೇಳುತ್ತಿದ್ದೇವೆ.

ವಿಲಿಯಂ ಫಾರ್ ಎಂಬಾತ ವೈದ್ಯಕೀಯ ಕಲಿತವನು. 1839ರ ಹೊತ್ತಿಗೆ ಲಂಡನ್ನಿನ ಜನನ ಮರಣ ನೋಂದಣಿ ಕಚೇರಿಯ ಕೆಲಸಕ್ಕೆ ಸೇರಿದ. ಯಾರು ಯಾವ ಕಾಯಿಲೆಯಿಂದ ಸತ್ತರು ಎಂದು ವಿಂಗಡಿಸಿ ಪಟ್ಟಿ ಮಾಡುವುದೇ ಅವನ ಜೀವನವಾಯಿತು. ಒಂದೊಂದು ಊರಿನ ಡಾಕ್ಟರ್ ಒಂದೇ ಕಾಯಿಲೆಗೆ ಒಂದೊಂದು ಹೆಸರು ಬರೆಯುತ್ತಿದ್ದ ಕಾಲ. ನಮ್ಮಲ್ಲೂ ಹಾಗೇ ಅಲ್ಲವೇ, ಒಂದೇ ರೋಗಕ್ಕೆ ಕಂಪ್ಲಿಯಲ್ಲಿ ಒಂದು ಹೆಸರು, ಸಂಡೂರಿನ ಗುಡ್ಡದ ಊರುಗಳಲ್ಲಿ ಇನ್ನೊಂದು. ಎಲ್ಲರೂ ಒಂದೇ ಹೆಸರು ಬಳಸದಿದ್ದರೆ ಎಣಿಕೆ ಸಾಧ್ಯವಿಲ್ಲ ಎಂದು ಅವನು ಹಠ ಹಿಡಿದ. 1893ರಲ್ಲಿ ಜಾಕ್ ಬೆರ್ಟಿಲಾನ್ ಎಂಬ ಫ್ರೆಂಚ್ ತಜ್ಞ ಸಾವಿನ ಕಾರಣಗಳಿಗೆ ಅಂತರರಾಷ್ಟ್ರೀಯ ಪಟ್ಟಿಯೊಂದನ್ನು ಮಂಡಿಸಿದ. 1948ರಲ್ಲಿ ಆ ಪಟ್ಟಿಯ ಹೊಣೆ ವಿಶ್ವ ಆರೋಗ್ಯ ಸಂಸ್ಥೆಗೆ ಬಂತು. ಈಗ ಐಸಿಡಿ ಎಂದು ಕರೆಯುವುದು ಅದನ್ನೇ. ಈ ಮೂರಕ್ಷರ ನೆನಪಿಡಿ, ಮುಂದೆ ಬರುತ್ತದೆ.

ಅಮೆರಿಕದಲ್ಲಿ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೈನ್ಯದ ಶಸ್ತ್ರವೈದ್ಯನಿದ್ದ. 1880ರ ಜನಗಣತಿಯಲ್ಲಿ ಹುಟ್ಟು ಸಾವಿನ ಅಂಕಿಸಂಖ್ಯೆಯ ಹೊಣೆ ಅವನದು. ಗುಮಾಸ್ತರ ಸಾಲು ವರ್ಷಗಟ್ಟಲೆ ಕೂತು ಕೈಯಲ್ಲಿ ಎಣಿಸುವುದನ್ನು ನೋಡಿ, ಈ ಕೆಲಸಕ್ಕೊಂದು ಯಂತ್ರ ಇರಬೇಕಪ್ಪ ಎಂಬ ಯೋಚನೆಯನ್ನು ಹರ್ಮನ್ ಹಾಲರಿತ್ ಎಂಬ ಹುಡುಗ ಎಂಜಿನಿಯರ್ ಕಿವಿಗೆ ಹಾಕಿದ. ಹಾಲರಿತ್ ರಟ್ಟಿನ ಕಾರ್ಡಿಗೆ ತೂತು ಹಾಕಿ, ತೂತಿನ ಮೂಲಕ ವಿದ್ಯುತ್ ಹಾಯಿಸಿ ಎಣಿಸುವ ಯಂತ್ರ ಕಟ್ಟಿದ. ಅದನ್ನು ಮೊದಮೊದಲು ಪರೀಕ್ಷೆ ಮಾಡಿದ್ದು ಬಾಲ್ಟಿಮೋರ್ ನಗರದ ಸಾವಿನ ದಾಖಲೆಗಳ ಮೇಲೆ. ಆಮೇಲೆ 1890ರ ಜನಗಣತಿ ಪೂರ್ತಿ ಅದರಲ್ಲೇ ಎಣಿಕೆಯಾಯಿತು. ಹಾಲರಿತ್‌ನ ಕಂಪನಿ 1911ರಲ್ಲಿ ಬೇರೆ ಕಂಪನಿಗಳ ಜೊತೆ ಕೂಡಿತು, 1924ರಲ್ಲಿ ಅದರ ಹೆಸರು ಐಬಿಎಂ ಆಯಿತು.

ಅಂದರೆ ಕಂಪ್ಯೂಟರ್ ಲೋಕದ ದೊಡ್ಡ ಮನೆತನವೊಂದರ ಬೇರು ಹೋಗಿ ನಿಲ್ಲುವುದು ಒಬ್ಬ ಡಾಕ್ಟರನ ಬೇಸರದಲ್ಲಿ, ಒಂದು ಊರಿನ ಸಾವಿನ ಪುಸ್ತಕದಲ್ಲಿ. 1960ರ ದಶಕದಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಆಕ್ಟೋ ಬಾರ್ನೆಟ್ ಎಂಬ ವೈದ್ಯರ ಪ್ರಯೋಗಾಲಯ ರೋಗಿಗಳ ದಾಖಲೆಗಾಗಿಯೇ ಒಂದು ಕಂಪ್ಯೂಟರ್ ಭಾಷೆ ತಯಾರಿಸಿತು. ಅದರ ಹೆಸರು ಮಂಪ್ಸ್, ಅಂದರೆ ನಮ್ಮ ಮಂಗನಬಾವು! ಆಸ್ಪತ್ರೆಯವರ ತಮಾಷೆ ಹಾಗಿರುತ್ತದೆ.

ಡಾಕ್ಟರ ದನಿ ಟೈಪ್ ಮಾಡಿದವರು

ಈಗ ನಮ್ಮ ರಾಜ್ಯಕ್ಕೆ ಬರೋಣ. ಬಳ್ಳಾರಿಯ ವೈದ್ಯಕೀಯ ಕಾಲೇಜು, ನಾವು ಬಹಳ ಕಾಲ ವಿಮ್ಸ್ ಎಂದು ಕರೆದದ್ದು, 1961ರಲ್ಲಿ ಶುರುವಾಯಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 1996ರಲ್ಲಿ ಬಂತು. ಅಲ್ಲಿಂದ ಮುಂದೆ ಕರ್ನಾಟಕದಲ್ಲಿ ನರ್ಸಿಂಗ್, ಫಾರ್ಮಸಿ ಕಾಲೇಜುಗಳು ಅಣಬೆಯಂತೆ ಎದ್ದವು. ಓದಿ ಹೊರಬಂದವರು ಬಹಳ, ಒಳ್ಳೆಯ ಸಂಬಳದ ಆಸ್ಪತ್ರೆಗಳು ಕಡಿಮೆ. ಇನ್ನೊಂದು ಕಡೆ 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ವ್ಯವಸ್ಥೆ ಬಂದು, ಉಪಗ್ರಹದ ಮೂಲಕ ಬೆಂಗಳೂರಿನಿಂದ ಅಮೆರಿಕಕ್ಕೆ ನೇರವಾಗಿ ಕಡತ ಕಳಿಸುವ ಅನುಕೂಲ ಆಯಿತು. ಈ ಎರಡು ಹೊಳೆ ಕೂಡಿದ ಜಾಗವೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್.

ಕೆಲಸ ಹೀಗೆ. ಅಮೆರಿಕದ ಡಾಕ್ಟರ್ ಸಂಜೆ ರೋಗಿಗಳನ್ನು ನೋಡಿ ಮುಗಿಸಿ, ಪ್ರತಿಯೊಬ್ಬರ ವಿವರವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾನೆ. ಅವನಿಗೆ ರಾತ್ರಿಯಾದಾಗ ನಮಗೆ ಹಗಲು. ಬೆಂಗಳೂರಿನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಲಲ್ಲಿ ಪೆಡಲ್ ತುಳಿದು ದನಿಯನ್ನು ನಿಲ್ಲಿಸುತ್ತಾ ಓಡಿಸುತ್ತಾ ಟೈಪ್ ಮಾಡಿ ಕಳಿಸಿದರೆ, ಅವನು ಬೆಳಿಗ್ಗೆ ಎದ್ದಾಗ ವರದಿ ಸಿದ್ಧ. ಸಾಲಿಗೆ ಇಷ್ಟು ಎಂದು ದುಡ್ಡು. ಒಂದು ಸಾಲು ಅಂದರೆ 65 ಅಕ್ಷರ ಎಂಬುದು ಆ ಧಂದೆಯ ಅಳತೆ.

ಟೈಪಿಂಗ್ ಬಂದರೆ ಸಾಕು ಎಂದುಕೊಂಡು ತಾಲೂಕು ಊರುಗಳ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನಲ್ಲಿ ಜೂನಿಯರ್, ಸೀನಿಯರ್ ಪಾಸಾದವರೆಲ್ಲ ಕೋರ್ಸಿಗೆ ನುಗ್ಗಿದರು. ಅಲ್ಲಿ ಗೊತ್ತಾದದ್ದು ಬೇರೆ. ಇಲಿಯಂ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಒಂದಕ್ಷರ ಬದಲಾದರೆ ಅದು ಸಣ್ಣ ಕರುಳಿನ ಕೊನೆಯ ಭಾಗ, ಇಲ್ಲದಿದ್ದರೆ ಸೊಂಟದ ಮೂಳೆ. ಕಿವಿಗೆ ಎರಡೂ ಒಂದೇ. ಡಾಕ್ಟರ್ ಹೊಟ್ಟೆನೋವಿನ ಮಾತಾಡುತ್ತಿದ್ದಾನೋ, ಬಿದ್ದು ಮೂಳೆ ಮುರಿದವನ ಮಾತಾಡುತ್ತಿದ್ದಾನೋ ತಿಳಿದವರಿಗೆ ಮಾತ್ರ ಸರಿಯಾದದ್ದು ಬರೆಯಲು ಬರುತ್ತದೆ. ಹೈಪರ್‌ಟೆನ್ಷನ್, ಹೈಪೋಟೆನ್ಷನ್ ಎರಡಕ್ಕೂ ದನಿಯಲ್ಲಿ ಕೂದಲೆಳೆ ವ್ಯತ್ಯಾಸ. ಒಂದು ಬಿಪಿ ಏರಿದ್ದು, ಒಂದು ಇಳಿದದ್ದು. ಅಡ್ಡಾದಿಡ್ಡಿ ಬರೆದರೆ ರೋಗಿಯ ಗತಿ? ಕಂಪ್ಯೂಟರ್ ಮಾತ್ರ ಕಲಿತವನಿಗೆ ಟಿಡಿಎಸ್ ಅಂದರೆ ಸಂಬಳದಲ್ಲಿ ಹಿಡಿಯುವ ತೆರಿಗೆ, ಸಿಸ್ಟರ್‌ಗೆ ಅದು ದಿನಕ್ಕೆ ಮೂರು ಸಲದ ಮಾತ್ರೆ.

ಹಾಗಾಗಿ ಆಸ್ಪತ್ರೆ ಗೊತ್ತಿದ್ದವರು ಇಲ್ಲಿ ಬೇಗ ಮೇಲೆ ಬಂದರು. ಬೇರೆಯವರು ಟೈಪ್ ಮಾಡಿದ್ದನ್ನು ತಿದ್ದುವ ಎಡಿಟರ್ ಜಾಗಗಳಿಗೆ ನರ್ಸಿಂಗ್, ಫಾರ್ಮಸಿ ಓದಿದವರು, ಕೆಲವು ಕಡೆ ಡಾಕ್ಟರುಗಳೇ ಕೂತರು. 2000ನೇ ಇಸವಿಯ ಆಸುಪಾಸಿನಲ್ಲಿ ಈ ಕೋರ್ಸಿನ ಜಾಹೀರಾತು ಇಲ್ಲದ ಪೇಪರ್ ಇರಲಿಲ್ಲ. ಫೀ ಕಟ್ಟಿ ಕೋರ್ಸ್ ಮುಗಿಸಿ ಕೆಲಸ ಸಿಗದೆ ವಾಪಸ್ ಬಂದವರೂ ಅಷ್ಟೇ ಇದ್ದಾರೆ. ಕೋರ್ಸ್ ಮಾರಿದವರು ಟೈಪಿಂಗ್ ವೇಗದ ಬಗ್ಗೆ ಹೇಳಿದರೇ ಹೊರತು ಕರುಳು ಯಾವುದು ಮೂಳೆ ಯಾವುದು ಎಂದು ಕಲಿಸಲು ಎಷ್ಟು ತಿಂಗಳು ಬೇಕು ಎಂದು ಹೇಳಲಿಲ್ಲ.

ಆ ಕೆಲಸವೂ ಬಹಳ ವರ್ಷ ಹಾಗೇ ಉಳಿಯಲಿಲ್ಲ. ಅಮೆರಿಕ 2009ರಲ್ಲಿ ಕಾನೂನು ತಂದು, ಕಂಪ್ಯೂಟರ್‌ನಲ್ಲೇ ರೋಗಿಯ ದಾಖಲೆ ಇಡುವ ಆಸ್ಪತ್ರೆಗಳಿಗೆ ಹಣ ಕೊಡತೊಡಗಿತು. ಡಾಕ್ಟರುಗಳು ಪರದೆ ಮೇಲೆ ತಾವೇ ಒತ್ತತೊಡಗಿದರು. ದನಿ ಕೇಳಿ ತಾನೇ ಬರೆಯುವ ಸಾಫ್ಟ್‌ವೇರ್ ಕೂಡ ಸುಧಾರಿಸಿತು. ಬರೀ ಟೈಪ್ ಮಾಡುತ್ತಿದ್ದವರ ಕೆಲಸ ಮೊದಲು ಹೋಯಿತು, ಯಂತ್ರ ಬರೆದದ್ದರಲ್ಲಿ ತಪ್ಪು ಹುಡುಕಬಲ್ಲವರ ಕೆಲಸ ಉಳಿಯಿತು. ಈ ಕಥೆಯಲ್ಲಿ ನಮಗೆ ಮುಖ್ಯವಾಗಿ ಕಂಡದ್ದು ಇದು: ದಾಟಿಸಿದ್ದು ಕೀಬೋರ್ಡ್ ಅಲ್ಲ, ವಾರ್ಡಿನಲ್ಲಿ ಕಲಿತದ್ದು.

ರೋಗಕ್ಕೊಂದು ನಂಬರ್

ಈಗ ಐಸಿಡಿ ವಿಷಯ. ನಮ್ಮ ಮಕ್ಕಳು ಬೆಂಗಳೂರು, ಹೈದರಾಬಾದ್, ಚೆನ್ನೈಗಳಲ್ಲಿ ಮೆಡಿಕಲ್ ಕೋಡಿಂಗ್ ಕೆಲಸಕ್ಕೆ ಹೋಗುತ್ತಾರಲ್ಲ, ಅದು ಸಾಫ್ಟ್‌ವೇರ್ ಬರೆಯುವ ಕೋಡಿಂಗ್ ಅಲ್ಲ. ಎಷ್ಟೋ ಮನೆಯವರು ಎರಡೂ ಒಂದೇ ಎಂದುಕೊಂಡಿದ್ದಾರೆ. ಇಲ್ಲಿ ಮಾಡುವುದು ಡಾಕ್ಟರ್ ವರದಿ ಓದಿ, ಆ ರೋಗಕ್ಕೆ, ಆ ಚಿಕಿತ್ಸೆಗೆ ಸರಿಯಾದ ನಂಬರ್ ಹಾಕುವುದು. ನಂಬರ್ ಸರಿ ಇದ್ದರೆ ವಿಮಾ ಕಂಪನಿ ಆಸ್ಪತ್ರೆಗೆ ದುಡ್ಡು ಕೊಡುತ್ತದೆ, ತಪ್ಪಾದರೆ ಬಿಲ್ಲು ವಾಪಸ್.

ಐಸಿಡಿ ಹತ್ತನೇ ಆವೃತ್ತಿಯಲ್ಲಿ ಫಾಲ್ಸಿಪೇರಂ ಮಲೇರಿಯಾ ಅಂದರೆ ಬಿ 50, ವೈವಾಕ್ಸ್ ಮಲೇರಿಯಾ ಅಂದರೆ ಬಿ 51. ನಮ್ಮ ಹಳೆಯ ಮಲೇರಿಯಾ ಕಾರ್ಯಕರ್ತನ ಸ್ಲೈಡಿನ ಫಲಿತಾಂಶ ಬರುತ್ತಿದ್ದದ್ದೂ ಇದೇ ಎರಡರಲ್ಲಿ ಒಂದಾಗಿ. ಕಲ್ಲಿನ ದೂಳು ಕುಡಿದು ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ ಜೆ 62. ಸಂಡೂರಿನ ಗಣಿ, ಕ್ರಷರ್ ಪಕ್ಕದಲ್ಲಿ ಬೆಳೆದ ಹುಡುಗಿಗೆ ಈ ನಂಬರಿನ ಹಿಂದೆ ಏನಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕ ಬಹಳ ಕಾಲ ಒಂಬತ್ತನೇ ಆವೃತ್ತಿಯಲ್ಲೇ ಇತ್ತು. 2015ರ ಅಕ್ಟೋಬರ್ 1ರಂದು ಹತ್ತಕ್ಕೆ ಬದಲಾಯಿಸಿತು. ಅಲ್ಲಿಯವರೆಗೆ ರೋಗಗಳ ಕೋಡ್ ಸುಮಾರು 14,000 ಇದ್ದದ್ದು ಒಂದೇ ದಿನಕ್ಕೆ 68,000ದಷ್ಟಾಯಿತು. ಎಡಗೈಯೋ ಬಲಗೈಯೋ, ಮೊದಲ ಸಲ ತೋರಿಸಿದ್ದೋ ಮತ್ತೆ ಬಂದದ್ದೋ, ಎಲ್ಲಕ್ಕೂ ಬೇರೆ ಬೇರೆ ಕೋಡ್. ಅಂಗರಚನೆ ಓದಿದವರ ಬೇಡಿಕೆ ಏರಿದ್ದು ಆಗ. ನರ್ಸಿಂಗ್ ಓದಿದವರು ವಾರ್ಡಿನ ರಾತ್ರಿ ಪಾಳಿ ಬಿಟ್ಟು ಕೋಡಿಂಗ್ ಕುರ್ಚಿಗೆ ಹೋಗುವುದು ಮಾಮೂಲಾಯಿತು.

ಆ ಹೊತ್ತಿಗೆ ನಮ್ಮ ಕಡೆ ಇನ್ನೊಂದು ಪೆಟ್ಟು ಬಿದ್ದಾಗಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಲಾರಿ ನಂಬಿದ್ದ ಮನೆಗಳು ಹೊಸಪೇಟೆಯಲ್ಲಿ, ಸಂಡೂರಿನಲ್ಲಿ ಕೈಕಟ್ಟಿ ಕೂತವು. ಮಕ್ಕಳನ್ನು ಗಣಿ ಬಿಟ್ಟು ಬೇರೆ ಯಾವುದಾದರೂ ಓದಿಗೆ ಹಾಕಬೇಕು ಎಂಬ ಅವಸರ ಹುಟ್ಟಿದ್ದು ಆಗಲೇ ಎಂಬುದು ನಮ್ಮ ಅಂದಾಜು. ಹಾಕಿದ್ದರಲ್ಲಿ ನರ್ಸಿಂಗ್ ಒಂದು, ಕಂಪ್ಯೂಟರ್ ಒಂದು. ಎರಡರ ನಡುವೆ ಬಾಗಿಲಿದೆ ಎಂದು ಗೊತ್ತಾದದ್ದು ಆಮೇಲೆ.

ಅದಕ್ಕೂ ಮೊದಲೇ ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಪ್ರತಿಷ್ಠಾನ ಸುತ್ತಲಿನ ಹಳ್ಳಿ ಹೆಣ್ಣುಮಕ್ಕಳಿಗಾಗಿ ಬಿಪಿಒ ನಡೆಸಿದ್ದುಂಟು. ಊರು ಬಿಡದೆ ಕಂಪ್ಯೂಟರ್ ಕೆಲಸ ಸಾಧ್ಯ ಎಂದು ಸಂಡೂರು ತಾಲೂಕಿನವರು ಕಣ್ಣಾರೆ ಕಂಡದ್ದು ಅಲ್ಲಿ.

ಊರು ಬಿಡದೆ ಲೈನ್ ಬದಲಾದವರು

ಬೆಂಗಳೂರಿಗೆ ಹೋದವರ ಕಥೆ ಎಲ್ಲರೂ ಹೇಳುತ್ತಾರೆ. ನಮಗೆ ಹೆಚ್ಚು ಕಾಡುವುದು ಊರಲ್ಲೇ ಇದ್ದು, ಅರ್ಜಿ ಹಾಕದೆ, ಆರ್ಡರ್ ಸಿಗದೆ ಕಂಪ್ಯೂಟರ್ ಕೆಲಸಕ್ಕೆ ಬದಲಾದವರ ಕಥೆ.

2003ರ ಜೂನ್‌ನಲ್ಲಿ ಸಹಕಾರ ಸಂಘದ ರೈತರಿಗಾಗಿ ಯಶಸ್ವಿನಿ ಬಂತು. ಮೊದಲ ವರ್ಷ ತಲೆಗೆ 60 ರೂಪಾಯಿ. ಆಪರೇಷನ್‌ಗೆ ಮುಂಚೆ ಒಪ್ಪಿಗೆ ಪಡೆಯಬೇಕು, ಅದಕ್ಕೆ ರೋಗಿಯ ವಿವರ, ರಿಪೋರ್ಟು ಕಳಿಸಬೇಕು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಮೊದಲು ಶುರುವಾದದ್ದು ಬಳ್ಳಾರಿಯೂ ಸೇರಿದ್ದ ಗುಲ್ಬರ್ಗಾ ವಿಭಾಗದಲ್ಲೇ. ಅದರೊಂದಿಗೆ ಆರೋಗ್ಯಮಿತ್ರ ಎಂಬ ಹೊಸ ಹುದ್ದೆ ಬಂತು. ಬಿಪಿಎಲ್ ಕಾರ್ಡ್ ಹಿಡಿದು ಬಂದ ರೋಗಿಗೆ ಯಾವ ಪ್ಯಾಕೇಜ್ ಬರುತ್ತದೆ ನೋಡಿ, ಕಂಪ್ಯೂಟರ್‌ಗೆ ಏರಿಸಿ, ಒಪ್ಪಿಗೆ ಬರುವವರೆಗೆ ಬೆನ್ನು ಹತ್ತುವವರು ಇವರು. 2018ರಲ್ಲಿ ಎಲ್ಲ ಯೋಜನೆ ಒಂದಾಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆದಮೇಲೂ ಆ ಕೌಂಟರ್ ಹಾಗೇ ಇದೆ. ಹೃದಯದ ಆಪರೇಷನ್ ಬೇಕಾದ ಕೂಲಿಯವನಿಗೆ ಆ ಕೌಂಟರಿನಲ್ಲಿ ಕೂತವರಿಗೆ ರೋಗವೂ ಗೊತ್ತಿರಬೇಕು, ಕಂಪ್ಯೂಟರೂ ಗೊತ್ತಿರಬೇಕು. ಒಂದು ಗೊತ್ತಿಲ್ಲದಿದ್ದರೂ ಫೈಲು ವಾಪಸ್.

2008ರ ನವೆಂಬರ್ 1ಕ್ಕೆ 108 ಆಂಬುಲೆನ್ಸ್ ಬಂತು, ಆಮೇಲೆ ಹುಬ್ಬಳ್ಳಿಯಿಂದ 104 ಆರೋಗ್ಯವಾಣಿ. ಫೋನಿನಲ್ಲಿ ರೋಗ ಕೇಳಿ ಪರದೆಯಲ್ಲಿ ಬರೆದುಕೊಂಡು ಸಲಹೆ ಕೊಡುವುದು ಒಂದು ಉದ್ಯೋಗವೇ ಆಯಿತು. ಇವಕ್ಕೂ ಮುಂಚೆಯೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಿ ನೋಡಿತ್ತು.

ಆದರೆ ನಿಜವಾದ ಬದಲಾವಣೆ ಆದದ್ದು ಸಬ್‌ಸೆಂಟರಿನಲ್ಲಿ. 2008ರಲ್ಲಿ ಎಚ್‌ಎಂಐಎಸ್ ಪೋರ್ಟಲ್, 2009ರಲ್ಲಿ ತಾಯಿ ಮಗುವನ್ನು ಹೆಸರು ಹಿಡಿದು ಗುರುತಿಸುವ ಎಂಸಿಟಿಎಸ್, ಆಮೇಲೆ ಆರ್‌ಸಿಎಚ್ ಪೋರ್ಟಲ್, 2012ರಲ್ಲಿ ಕ್ಷಯಕ್ಕೆ ನಿಕ್ಷಯ್. ಗರ್ಭಿಣಿಯ ತಾಯಿ ಕಾರ್ಡಿನಲ್ಲಿ ಬರೆದದ್ದೆಲ್ಲ ಪೋರ್ಟಲ್‌ಗೆ ಏರಬೇಕು. 2021ರ ಜನವರಿ 16ಕ್ಕೆ ಕೋವಿಡ್ ಲಸಿಕೆ ಶುರುವಾದಾಗ ಚುಚ್ಚುವ ಸಿಸ್ಟರ್ ಪಕ್ಕದಲ್ಲೇ ಕೋವಿನ್ ನೋಡುವ ವೆರಿಫೈಯರ್ ಕುರ್ಚಿ ಬಿತ್ತು. ಹಂಪಿ, ಕಮಲಾಪುರದಲ್ಲಿ ನೆಟ್‌ವರ್ಕ್ ಹೋದರೆ ಲಸಿಕೆಯ ಸಾಲೇ ನಿಲ್ಲುತ್ತಿತ್ತು. ಅದೇ ಮೇ ತಿಂಗಳಲ್ಲಿ ತೋರಣಗಲ್ಲಿನ ಕಾರ್ಖಾನೆಯ ಆಮ್ಲಜನಕ ಬಳಸಿ 1,000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಎದ್ದಿತು. ರಾಜ್ಯದ ಎಲ್ಲೆಡೆ ಕೋವಿಡ್‌ಗೆಂದೇ ಗುತ್ತಿಗೆಗೆ ತೆಗೆದುಕೊಂಡವರ ಕೆಲಸ ಅಲೆ ಇಳಿದ ಮೇಲೆ ಮುಗಿಯಿತು. ಪಿಪಿಇ ಕಿಟ್‌ನಲ್ಲಿ ಬೆವರಿದವರು ಮತ್ತೆ ಹೊಸ ಕೆಲಸ ಹುಡುಕಬೇಕಾಯಿತು. ಅವರಲ್ಲಿ ಕೆಲವರು ಕಂಪ್ಯೂಟರ್ ಕಡೆ ತಿರುಗಿದರೆ ಯಾರು ತಾನೇ ಬೈಯಬಲ್ಲರು?

ನಮಗೆ ಸಿಟ್ಟು ಬರುವುದು ಒಂದು ವಿಷಯಕ್ಕೆ. ಹೈದರಾಬಾದಿನ ಕೋಡಿಂಗ್ ಕಂಪನಿಯಲ್ಲಿ ಮಲೇರಿಯಾಕ್ಕೆ ಬಿ 51 ಹಾಕಿದರೆ ಅದು ಹೆಲ್ತ್‌ಕೇರ್ ಐಟಿ. ಕಂಪ್ಲಿಯ ಓಣಿಯಲ್ಲಿ ಅದೇ ಮಲೇರಿಯಾವನ್ನು ಹುಡುಕಿ, ಸ್ಲೈಡ್ ತೆಗೆಸಿ, ಫೋನಿನಲ್ಲಿ ಏರಿಸಿದರೆ ಅದು ಸೇವೆ. ಮೊದಲನೆಯದಕ್ಕೆ ಸಂಬಳ, ಪಿಎಫ್. ಎರಡನೆಯದಕ್ಕೆ ಗೌರವಧನ. ಆಶಾ ಕಾರ್ಯಕರ್ತೆಯರು 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬೀದಿಗಿಳಿದಾಗ ಅವರ ದೂರಿನಲ್ಲಿ ಪೋರ್ಟಲ್ ಕೂಡ ಇತ್ತು: ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ಪ್ರೋತ್ಸಾಹಧನ ಬರುವುದಿಲ್ಲ, ಏರಿಸುವ ಕೈ ಮಾತ್ರ ಬೇರೆಯವರದು. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕ್‌ನಲ್ಲಿ ಹಗಲು ರಾತ್ರಿ ಕೂತಾಗ ತಿಂಗಳಿಗೆ 15,000 ರೂಪಾಯಿ ನಿಶ್ಚಿತವಾಗಿ ಕೊಡಿ ಎಂಬುದು ಮುಖ್ಯ ಬೇಡಿಕೆ. ಅರವತ್ತು ವರ್ಷದ ಹಿಂದೆ ಗೋಡೆ ಮೇಲೆ ತಾರೀಖು ಇದ್ದರೆ ಕೆಲಸ ಆದಂತೆ, ಈಗ ಪರದೆ ಮೇಲೆ ಇದ್ದರೆ ಮಾತ್ರ ಆದಂತೆ.

ಹೋಗಬೇಕೆಂದಿರುವವರಿಗೆ ಎರಡು ಮಾತು ಹೇಳಿಬಿಡುತ್ತೇವೆ. ಕೋರ್ಸಿಗೆ ಫೀ ಕಟ್ಟುವ ಮುಂಚೆ, ಕಳೆದ ವರ್ಷ ಅಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ ಎಂದು ಹೆಸರು ಕೇಳಿ, ಅವರಿಗೆ ಫೋನ್ ಮಾಡಿ. ಕೆಲಸ ಬಿಟ್ಟರೂ ನರ್ಸಿಂಗ್ ಕೌನ್ಸಿಲ್ ನೋಂದಣಿ ಬಿಡಬೇಡಿ, ನವೀಕರಿಸುತ್ತಿರಿ. ಕೋಡ್ ಹಾಕುವ ಕೆಲಸದಲ್ಲೂ ಈಗ ಯಂತ್ರ ಕೈ ಹಾಕಿದೆ. ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ಆದಂತೆ ಇಲ್ಲಿಯೂ ಯಂತ್ರದ ತಪ್ಪು ಹಿಡಿಯುವವರು ಉಳಿಯುತ್ತಾರೆ ಎಂದು ನಮಗನ್ನಿಸುತ್ತದೆ, ತಪ್ಪು ಹಿಡಿಯಲು ಬೇಕಾದದ್ದು ವಾರ್ಡಿನ ಅನುಭವ.

ಇನ್ನು ಊರಲ್ಲೇ ಉಳಿದ ಸಿಸ್ಟರ್ ಮಾತು. ಪೋರ್ಟಲ್ ಬಂದ ಮೇಲೆ ಪುಸ್ತಕ ಹೋಗುತ್ತದೆ ಅಂದಿದ್ದರು. ಸಬ್‌ಸೆಂಟರಿಗೆ ಹೋಗಿ ನೋಡಿ, ಆರ್‌ಸಿಎಚ್ ರಿಜಿಸ್ಟರ್ ಇನ್ನೂ ಮೇಜಿನ ಮೇಲೇ ಇದೆ. ಮೊದಲು ಅದರಲ್ಲಿ ಬರೆಯುವುದು, ಆಮೇಲೆ ಅದನ್ನೇ ನೋಡಿ ಪೋರ್ಟಲ್‌ಗೆ ಏರಿಸುವುದು.